ಶಿಕ್ಷೆ ಆದ ಮ್ಯಾಲೂ ರಾಜಿ: ಚೆಕ್ ಬೌನ್ಸ್ ಕೇಸಿನ್ಯಾಗ ಈ ಮಾತಿನ ಅರ್ಥ ಏನು?

ಕಲಬುರಗಿ ಕೋರ್ಟಿನ ವರಾಂಡಾದಾಗ ಒಂದ್ ತಾಸು ಕುಂತ್ರ ಸಾಕು, ‘ರಾಜಿ’ ಅನ್ನೋ ಮಾತು ಹತ್ತು ಸಲ ಕಿವಿಗಿ ಬೀಳ್ತದ. ಇದು ಅರಬ್ಬಿ ಮೂಲದ ಮಾತು, ಉರ್ದು ಕೂಡ ನಮ್ಮ ಕಡಿ ಬಂದದ್ದು, ಅರ್ಥ ‘ಒಪ್ಪಿದಾಂವ’, ‘ಮನಸಿಗಿ ಸಮ್ಮತ ಆದಾಂವ’ ಅಂತ. ಚೆಕ್ ಬೌನ್ಸ್ ಕೇಸಿನ ರಾಜಿನೂ ಈ ಅರ್ಥದ ಮ್ಯಾಲೇ ನಿಂತದ. ವಕೀಲರು ಇದಕ್ಕ ಕಾಂಪೌಂಡಿಂಗ್ ಅಂತಾರ.

ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ 1881ರ 138ನೇ ಕಲಂ ಕೆಳಗ ಚೆಕ್ ಬೌನ್ಸಿಗಿ 2 ವರ್ಷದ ತನಕ ಜೈಲು, ಇಲ್ಲ ಚೆಕ್ಕಿನ ರೊಕ್ಕದ ಎರಡು ಪಟ್ಟಿನ ತನಕ ದಂಡ, ಇಲ್ಲ ಎರಡೂ ಆಗಬಹುದು. ಆದ್ರ ಅದೇ ಕಾಯ್ದೆಯ 147ನೇ ಕಲಂ ಈ ಅಪರಾಧಕ್ಕ ರಾಜಿ ಆಗಬಹುದು ಅಂತದ, ಮ್ಯಾಜಿಸ್ಟ್ರೇಟರು ಶಿಕ್ಷೆ ಹಾಕಿದ ಮ್ಯಾಲೂ ಆ ಬಾಗಿಲು ಮುಚ್ಚೂದಿಲ್ಲ. ಇಲ್ಲೇ ಭಾಳ ಮಂದಿ ಎಡವ್ತಾರ ನೋಡ್ರಿ, ಶಿಕ್ಷೆ ಆಯ್ತು ಇನ್ನೇನದ ಅಂತ ಕೈಚೆಲ್ಲಿ ಕೂಡ್ತಾರ, ಇಲ್ಲಂದ್ರ ಸಾವ್ಕಾರನ ಅಂಗಡಿಗಿ ಹೋಗಿ ರೊಕ್ಕ ಕೊಟ್ಟು ಕೇಸ್ ಮುಗೀತು ಅಂತ ತೊಗರಿ ರಾಶಿ ಮಾಡ್ಕೋತ ಇದ್ದುಬಿಡ್ತಾರ, ಒಂದಿನ ಮನಿ ಮುಂದ ಪೊಲೀಸ್ರು ವಾರಂಟ್ ಹಿಡ್ಕೊಂಡು ನಿಂತಿರ್ತಾರ.

ರೊಕ್ಕ ಕೊಟ್ರ ಸಾಲ ತೀರ್ತದ, ಶಿಕ್ಷೆ ತೀರೂದಿಲ್ಲ. ತೀರ್ಪು ಕೊಟ್ಟ ಮ್ಯಾಜಿಸ್ಟ್ರೇಟರು ಅದನ್ನ ತಾವೇ ತೆಗೆಯಾಕ ಬರೂದಿಲ್ಲ, ಅದಕ್ಕ 30 ದಿನದಾಗ ಸೆಷನ್ಸ್ ಕೋರ್ಟಿಗಿ ಅಪೀಲ್ ಹಾಕಬೇಕು, ಅಲ್ಲಿ ಸಾಲ ಕೊಟ್ಟಾಂವ, ತಗೊಂಡಾಂವ ಇಬ್ಬರೂ ಕೂಡಿ ರಾಜಿ ಅರ್ಜಿ ಕೊಡಬೇಕು. ಅಪೀಲಿನ್ಯಾಗೂ ಸೋತ್ರ ಹೈಕೋರ್ಟಿನ್ಯಾಗ ರಿವಿಜನ್ (ಕೆಳಗಿನ ಕೋರ್ಟಿನ ತೀರ್ಪು ಮತ್ತ ಪರಿಶೀಲಿಸ್ರಿ ಅನ್ನೋ ಅರ್ಜಿ) ಅದ, ಅದಕ್ಕ ಬೆಂಗಳೂರಿಗಿ ಹೋಗೂ ಗರಜಿಲ್ಲ, 2013ರಿಂದ ಕಲಬುರಗಿ ಪೀಠ ಕಾಯಂ ಆಗ್ಯದ, ಬೀದರ್ ಯಾದಗಿರಿ ಮಂದಿನೂ ಅಲ್ಲಿಗೇ ಬರ್ತಾರ.

ತಡ ಮಾಡಿದ್ದಕ್ಕ ಖರ್ಚು ಬೀಳ್ತದ. 2010ರಾಗ ದಾಮೋದರ ಪ್ರಭು ಕೇಸಿನ್ಯಾಗ ಸುಪ್ರೀಂ ಕೋರ್ಟ್ ಇದಕ್ಕೊಂದು ಲೆಕ್ಕ ಹಾಕಿತ್ತು, ಸೆಷನ್ಸ್ ಇಲ್ಲ ಹೈಕೋರ್ಟಿನ್ಯಾಗ ರಾಜಿ ಆದ್ರ ಚೆಕ್ ಕೊಟ್ಟಾಂವ ಚೆಕ್ ಮೊತ್ತದ ಶೇ. 15 ಬ್ಯಾರೆ ಕಟ್ಟಬೇಕಿತ್ತು. 2025ರ ಸೆಪ್ಟೆಂಬರ್‌ದಾಗ ಅದನ್ನ ಶೇ. 7.5ಕ್ಕ ಇಳಿಸ್ಯಾರ. ಗಂಜಿನ ಅಡತಿಯವರ ಹತ್ರ ಕೈಗಡ ತಗೊಂಡು 2 ಲಕ್ಷದ ಚೆಕ್ ಕೊಟ್ಟಿದ್ರಿ ಅಂತ ತಿಳ್ಕೋರಿ, ಈಗಿನ ಲೆಕ್ಕದಾಗ 15 ಸಾವಿರ ಆಯ್ತು, ಮೊದಲಿಂದಾಗಿದ್ರ 30 ಸಾವಿರ. ಈ ರೊಕ್ಕ ಸಾವ್ಕಾರಗ ಅಲ್ಲ, ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ತದ. ಡಿಫೆನ್ಸ್ ಸಾಕ್ಷಿ (ಆರೋಪಿ ಕಡಿಯ ಸಾಕ್ಷಿ) ಶುರು ಆಗೂಕ್ಕಿಂತ ಮೊದಲೇ ಮ್ಯಾಜಿಸ್ಟ್ರೇಟರ ಮುಂದ ಚೆಕ್ಕಿನ ರೊಕ್ಕ ಕಟ್ಟಿ ಮುಗಿಸಿಕೊಂಡಿದ್ರ ಈ ಖರ್ಚೇ ಇರ್ತಿರಲಿಲ್ಲ, ಅದಕ್ಕೇ ನನಗ ಸಂಕಟ ಆಗ್ತದ.

ಇನ್ನೊಂದು ಮಾತು. ಅಪೀಲ್ ಹಾಕುವಾಗ ದಂಡದ ಕಮ್ಮಿ ಅಂದ್ರೂ ಶೇ. 20 ಕೋರ್ಟಿನ್ಯಾಗ ಕಟ್ಟು ಅಂತ 148ನೇ ಕಲಂ ಪ್ರಕಾರ ಹೇಳಿರ್ತಾರ. ಆ ರೊಕ್ಕ ಯಾರು ತಗೋಬೇಕು ಅನ್ನೋದು ರಾಜಿ ಅರ್ಜಿಯಾಗ ಬರೆದಿರಬೇಕು, ಬರೀದಿದ್ರ ಆಮ್ಯಾಲ ಹೊಸ ತಕರಾರು.

ಸಾವ್ಕಾರ ಒಪ್ಪದಿದ್ರ? ಅವ ಸಹಿ ಮಾಡದ ರಾಜಿ, ರಾಜಿ ಅಲ್ಲ. ಒಪ್ಪಿ ಕೋರ್ಟ್ ದಾಖಲು ಮಾಡ್ಕೊಂತು ಅಂದ್ರ ಮಾತ್ರ ಖುಲಾಸೆ ಆದಂಗೇ ಲೆಕ್ಕ, ಶಿಕ್ಷೆ ಹೋಗ್ತದ. ಆ ಆದೇಶದ ನಕಲು ತಗೊಂಡು ಮೊದಲಿನ ಕೋರ್ಟಿಗಿ ಮುಟ್ಟಸ್ರಿ, ವಾರಂಟ್ ಇದ್ರ ಅದನ್ನ ವಾಪಸ್ ಕರಸ್ಕೋರಿ.