ಹೀಗೇ ಇದ್ದರೆ ಸಾಕಾ ಅಂತ ಕೇಳಬೇಕು

ಮೈಯಾಸ್ತೀನಿಯಾ ಗ್ರೇವಿಸ್ ಅನ್ನುವ, ಸ್ನಾಯು ಬೇಗ ಸೋಲುವ ಕಾಯಿಲೆ ಇರುವವರು ಬೆಳಿಗ್ಗೆ ಹತ್ತಕ್ಕೆ ಓಪಿಡಿಗೆ ಬಂದರೆ ಎಷ್ಟೋ ಸಲ ಆರಾಮಾಗೇ ಕಾಣುತ್ತಾರೆ. ರಾತ್ರಿ ನಿದ್ದೆ ಆಗಿರುತ್ತದೆ, ಸ್ನಾಯುವಿಗೆ ತಾತ್ಕಾಲಿಕವಾಗಿ ಬಲ ಕೊಡುವ ಪಿರಿಡೋಸ್ಟಿಗ್ಮಿನ್ ಮಾತ್ರೆ ನುಂಗಿ ಒಂದು ಗಂಟೆ ಆಗಿರುತ್ತದೆ. ನಾವು ಡಾಕ್ಟರುಗಳು ‘ಚೆನ್ನಾಗಿದೀರಲ್ಲಾ’ ಅಂದುಬಿಡುತ್ತೇವೆ. ಆ ಮಾತ್ರೆ ಕೆಲಸ ಮಾಡುವುದು ಮೂರ್ನಾಲ್ಕು ಗಂಟೆ. ಸಂಜೆಯ ಸ್ಥಿತಿ ಮನೆಯವರಿಗಷ್ಟೇ ಗೊತ್ತು.

ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ನರ ಮತ್ತು ಸ್ನಾಯು ಸೇರುವ ಜಾಗವನ್ನು ಹಾಳು ಮಾಡುತ್ತದೆ. ಬಳಸಿದಷ್ಟೂ ಸ್ನಾಯು ಸೋಲುತ್ತದೆ, ಸುಮ್ನೆ ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ಒಂದು ಹೊತ್ತಿನ ಪರೀಕ್ಷೆ ನಂಬಿ ಕೂರೋಕಾಗಲ್ಲ.

ಅದಕ್ಕೇ ಎಂಜಿ-ಎಡಿಎಲ್ ಅನ್ನುವ ಪ್ರಶ್ನಾವಳಿ ಇದೆ. ಮಾತು, ಅಗಿಯುವುದು, ನುಂಗುವುದು, ಉಸಿರು, ಹಲ್ಲುಜ್ಜಿ ತಲೆ ಬಾಚುವುದು, ಕುರ್ಚಿಯಿಂದ ಏಳುವುದು, ಎರಡೆರಡಾಗಿ ಕಾಣುವುದು, ರೆಪ್ಪೆ ಜೋಲುವುದು ಅಂತ ಎಂಟು ಪ್ರಶ್ನೆ, ಒಟ್ಟು 24 ಅಂಕ, ಕಡಿಮೆ ಇದ್ದಷ್ಟೂ ಒಳ್ಳೆಯದು. ಉಪಯೋಗದ ಪಟ್ಟಿಯೇ. ಆದರೆ ಸುಸ್ತು, ನಿದ್ದೆ, ಮನಸ್ಸು ಇದರಲ್ಲಿಲ್ಲ.

ಹೈಸ್ಕೂಲ್ ಟೀಚರ್ ಒಬ್ಬರ ಅಂಕ 2 ಇತ್ತು, ಅಂದರೆ ಕಾಗದದ ಮೇಲೆ ಕಾಯಿಲೆ ಹತೋಟಿಯಲ್ಲಿದೆ. ಕೂರಿಸಿಕೊಂಡು ಕೇಳಿದರೆ, ಮೂರನೇ ಪೀರಿಯಡ್ಡಿಗೆ ದನಿ ಮೂಗಿನಲ್ಲಿ ಬರುತ್ತದೆ, ಹಿಂದಿನ ಬೆಂಚಿಗೆ ಕೇಳಿಸಲ್ಲ, ಮದುವೆಮನೆ ಊಟಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ, ಯಾಕಂದ್ರೆ ಪಂಕ್ತಿಯವರೆಲ್ಲ ಕೈ ತೊಳೆಯೋಕೆ ಎದ್ದರೂ ಇವರ ಎಲೆಯಲ್ಲಿ ಅರ್ಧ ಊಟ ಹಾಗೇ ಇರುತ್ತದೆ, ದವಡೆಗೆ ಕೈ ಆನಿಸಿಕೊಂಡು ಅಗಿಯುವುದನ್ನು ಎದುರಿನವರು ನೋಡುತ್ತಾರೆ. ಕಾಯಿಲೆಗೆ ತಗೊಳ್ಳುವ ಸ್ಟೀರಾಯ್ಡಿನಿಂದ ಮುಖ ಊದಿಕೊಂಡಿದೆ, ಫೋಟೋಗೆ ನಿಲ್ಲಲ್ಲ. ಇದನ್ನೆಲ್ಲ ಯಾವ ಅಂಕಕ್ಕೆ ಸೇರಿಸೋಣ?

ಅದಕ್ಕೇ ಅಂಕದ ಜೊತೆಗೆ ಈ ಒಂದು ಪ್ರಶ್ನೆಯನ್ನೂ ಕೇಳಬೇಕು: ‘ಮೈಯಾಸ್ತೀನಿಯಾದಿಂದ ನಿಮಗೆ ಆಗುತ್ತಿರುವುದನ್ನೆಲ್ಲ ಲೆಕ್ಕಕ್ಕೆ ತಗೊಂಡು ಹೇಳಿ, ಮುಂದಿನ ಕೆಲವು ತಿಂಗಳು ಹೀಗೇ ಇದ್ದರೆ ಸಮಾಧಾನವಾ?’ ಹೌದು ಅಥವಾ ಇಲ್ಲ, ಅಷ್ಟೇ ಉತ್ತರ. ಸಂಶೋಧಕರೂ ಇಂಥದೇ ಪ್ರಶ್ನೆ ಬಳಸುತ್ತಾರೆ. ಇಲ್ಲ ಅನ್ನುವವರಲ್ಲಿ ಸುಸ್ತು, ಖಿನ್ನತೆ ಜಾಸ್ತಿ ಕಂಡುಬಂದಿದೆ. ಕೇಳೋಕೆ ಅರ್ಧ ನಿಮಿಷ ಸಾಕು, ಪ್ರತಿ ವಿಸಿಟ್‌ನಲ್ಲೂ ಕೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

‘ಇಲ್ಲ’ ಅಂದರೆ ಮಾಡೋಕೆ ಕೆಲಸ ಇದೆ. ಪಾಠದ ಹೊತ್ತಿಗೆ ಮಾತ್ರೆಯ ಸಮಯ ಹೊಂದಿಸಬಹುದು. ಸ್ಟೀರಾಯ್ಡ್ ಇಳಿಸೋಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಾಥಯೋಪ್ರಿನ್‌ನಂಥ ಮದ್ದು ಸೇರಿಸಬಹುದು, ಅದು ಹಿಡಿಯೋಕೆ ತಿಂಗಳುಗಟ್ಟಲೆ ಬೇಕು, ರಕ್ತಪರೀಕ್ಷೆಯೂ ಮಾಡಿಸುತ್ತಿರಬೇಕು. ಥೈರಾಯ್ಡ್ ನೋಡಬೇಕು, ನಿದ್ದೆ ವಿಚಾರಿಸಬೇಕು, ಮನಸ್ಸು ಕುಗ್ಗಿದ್ದರೆ ಅದಕ್ಕೂ ಚಿಕಿತ್ಸೆ ಕೊಡಬೇಕು. ಸ್ಟೀರಾಯ್ಡನ್ನು ಮಾತ್ರ ನೀವಾಗೇ ನಿಲ್ಲಿಸಬೇಡಿ.

ಡಾಕ್ಟರು ಕೇಳದಿದ್ದರೆ ನೀವೇ ಹೇಳಿ. ಸಂಜೆ ರೆಪ್ಪೆ ಜೋತಾಗ, ಮಾತು ತೊದಲುವಾಗ ಫೋನಿನಲ್ಲಿ ಒಂದು ವಿಡಿಯೋ ಮಾಡಿಟ್ಟುಕೊಂಡು ಬಂದು ತೋರಿಸಿ. ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಕುಡಿದ ನೀರು ಮೂಗಿಗೆ ಬರುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯಬೇಡಿ, ಆಗಲೇ ಎಮರ್ಜೆನ್ಸಿಗೆ ಹೋಗಿ.