ಚಕ್ರದ ಕಡೆ ಟಕ್ ಟಕ್ ಸದ್ದು, ಜೊತೆಗೆ ಎಬಿಎಸ್ ದೀಪ: ಎರಡಕ್ಕೂ ಕಾರಣ ಒಂದೇನಾ?

ಪ್ರಶ್ನೆ: ನನ್ನ ಕಾರಿಗೆ 14 ವರ್ಷ. ಗುಂಡಿಗೆ ಇಳಿದು ಹತ್ತುವಾಗ ಮುಂದಿನ ಎಡಚಕ್ರದ ಕಡೆ ಟಕ್ ಟಕ್ ಅನ್ನುತ್ತದೆ. ಈಚೆಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪವೂ ಆಗಾಗ ಹತ್ತುತ್ತಿದೆ. ನಿಧಾನವಾಗಿ ಬಂದು ನಿಲ್ಲಿಸುವಾಗ ಬ್ರೇಕ್ ಪೆಡಲ್ ಕಾಲಡಿಯಲ್ಲಿ ಗರಗರ ನಡುಗುತ್ತದೆ. ಎಲ್ಲ ಒಂದೇ ದೋಷವೇ? ಮೊದಲು ಏನು ಬದಲಿಸಬೇಕು?

ಉತ್ತರ: ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ಮೂರಕ್ಕೂ ಒಂದೇ ಕಾರಣ ಇರುವುದಾದರೆ ಅದು ಚಕ್ರ ಸಲೀಸಾಗಿ ತಿರುಗುವಂತೆ ಹಿಡಿದಿಡುವ ವೀಲ್ ಬೇರಿಂಗ್. ಎಬಿಎಸ್‌ಗಾಗಿ ಚಕ್ರದ ವೇಗ ಓದುವ ಸೆನ್ಸರ್‌ನ ತುದಿಗೂ ಅದರೆದುರು ತಿರುಗುವ ಹಲ್ಲಿನ ರಿಂಗ್‌ಗೂ ನಡುವೆ ಇರುವ ಸಂದು ಸುಮಾರು 1 ಮಿಲಿಮೀಟರ್ ಮಾತ್ರ. ಬೇರಿಂಗ್ ಸವೆದು, ಚಕ್ರ ಬಿಗಿದಿರುವ ಹಬ್ ಅಲ್ಲಾಡಿದರೆ ಆ ಸಂದು ಹಿಗ್ಗಿ ಕುಗ್ಗಿ ಸಿಗ್ನಲ್ ಕಡಿಯುತ್ತದೆ. ಅದೇ ಸಡಿಲ ಗುಂಡಿಯಲ್ಲಿ ಸದ್ದನ್ನೂ ಮಾಡುತ್ತದೆ. ಆದರೆ ಇಷ್ಟು ವಯಸ್ಸಾದ ಗಾಡಿಯಲ್ಲಿ ಸದ್ದಿನದೇ ಒಂದು ಕತೆ, ಎಬಿಎಸ್‌ನದೇ ಇನ್ನೊಂದು ಕತೆ ಆಗಿರುವುದೂ ಮಾಮೂಲು. ಅದಕ್ಕೇ ಬೇರಿಂಗ್ ಮೊದಲು ನೋಡಿ. ಅದು ಗಟ್ಟಿಯಿದ್ದರೆ ಎರಡನ್ನೂ ಬೇರೆಬೇರೆಯಾಗಿ ಹುಡುಕಿ.

ಎಲ್ಲಕ್ಕೂ ಮುಂಚೆ ಚಕ್ರದ ನಟ್‌ಗಳು ಬಿಗಿಯಾಗಿವೆಯೇ ನೋಡಿಕೊಳ್ಳಿ. ಆಮೇಲೆ ಸಮತಟ್ಟಾದ ಜಾಗದಲ್ಲಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂಭಾಗವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಕೈ ಹಾಕಲೇಬೇಡಿ. ಚಕ್ರವನ್ನು ಗಡಿಯಾರ ಅಂದುಕೊಂಡು 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಪ್ಲೇ (ಸಡಿಲ ಅಲುಗಾಟ) ಸಿಕ್ಕಿತೇ? ಈಗ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಪ್ಲೇ ಮಾಯವಾದರೆ ದೋಷ ಬೇರಿಂಗ್‌ನದು, ಯಾಕೆಂದರೆ ಬ್ರೇಕ್ ಹಿಡಿದಾಗ ಡಿಸ್ಕ್, ಅದನ್ನು ಹಿಡಿಯುವ ಕ್ಯಾಲಿಪರ್‌ಗೆ ಕಚ್ಚಿಕೊಂಡು ಹಬ್ ಅಲುಗದಂತೆ ತಡೆಯುತ್ತದೆ. ಬ್ರೇಕ್ ಹಿಡಿದರೂ ಪ್ಲೇ ಹಾಗೇ ಉಳಿದರೆ, ಚಕ್ರವನ್ನು ಗಾಡಿಯ ಅಡಿಗೆ ಸೇರಿಸುವ ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ ಕಡೆ ನೋಡಿ. 3 ಮತ್ತು 9ರಲ್ಲಿ ಹಿಡಿದಾಗ ಮಾತ್ರ ಅಲ್ಲಾಡಿದರೆ, ಸ್ಟಿಯರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್ ಅಥವಾ ಸ್ಟಿಯರಿಂಗ್ ರ‍್ಯಾಕ್‌ನ ಒಳಜಾಯಿಂಟ್ ಸವೆದಿದೆ. ಬಾಲ್ ಜಾಯಿಂಟ್‌ನಲ್ಲಿ ಪ್ಲೇ ಕಂಡರೆ ಅದನ್ನು ಬದಲಿಸುವ ತನಕ ಗಾಡಿ ಓಡಿಸಬೇಡಿ. ಅದು ಕಳಚಿಕೊಂಡರೆ ಚಕ್ರವೇ ಮಡಚಿಕೊಳ್ಳುತ್ತದೆ.

ಇಲ್ಲೆಲ್ಲ ಗಟ್ಟಿಯಿದ್ದರೆ ಟಕ್ ಟಕ್ ಸದ್ದಿಗೆ ಮೊದಲ ಅನುಮಾನ ಸ್ಟೆಬಿಲೈಸರ್ ಲಿಂಕ್ ಮೇಲೆ. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್ ಅನ್ನು ಚಕ್ರದ ಕಡೆಗೆ ಸೇರಿಸುವ ಕೊಂಡಿ ಇದು. ಇದನ್ನು ರಸ್ತೆಯಲ್ಲೇ ಪತ್ತೆ ಮಾಡಬಹುದು. ನಿಧಾನಕ್ಕೆ ಒಂದೇ ಚಕ್ರವನ್ನು ಗುಂಡಿಗೆ ಇಳಿಸಿ. ಆಮೇಲೆ ಹಂಪ್ ಮೇಲೆ ಎರಡೂ ಚಕ್ರಗಳನ್ನು ಒಟ್ಟಿಗೆ, ನೇರವಾಗಿ ಹತ್ತಿಸಿ. ಒಂದೇ ಚಕ್ರ ಇಳಿದಾಗ ಸದ್ದು ಬಂದು, ಎರಡೂ ಒಟ್ಟಿಗೆ ಹತ್ತಿದಾಗ ಬಾರದಿದ್ದರೆ ಲಿಂಕ್ ಇಲ್ಲವೇ ಸ್ಟೆಬಿಲೈಸರ್ ಬಾರ್‌ನ ಬುಷ್ (ರಬ್ಬರ್ ಮೆತ್ತೆ). ಎರಡು ಚಕ್ರ ಸಮನಾಗಿ ಏರಿಳಿದರೆ ಆ ಬಾರ್ ತಿರುಚಿಕೊಳ್ಳುವುದಿಲ್ಲ, ಲಿಂಕ್ ಮೇಲೆ ಭಾರವೂ ಬೀಳುವುದಿಲ್ಲ. ಲಿಂಕ್ ಅನ್ನು ಕೈಯಲ್ಲಿ ಪರೀಕ್ಷಿಸುವಾಗಲೂ ಎರಡೂ ಚಕ್ರಗಳು ಒಂದೇ ಎತ್ತರದಲ್ಲಿರಬೇಕು. ಒಂದೇ ಕಡೆ ಎತ್ತಿದರೆ ಬಾರ್ ತಿರುಚಿ ಲಿಂಕ್ ಬಿಗಿಯಾಗಿ ನಿಲ್ಲುತ್ತದೆ, ಸವೆದ ಲಿಂಕ್ ಕೂಡ ಹೊಸದರಂತೆ ಕಾಣುತ್ತದೆ. ಹಾಳಾದ ಲಿಂಕ್ 'ಸರಿಯಿದೆ' ಅನ್ನಿಸಿಕೊಂಡು, ಒಳ್ಳೆಯ ಶಾಕ್ ಅಬ್ಸಾರ್ಬರ್ ಬದಲಾಗಿಬಿಡುವುದು ಹೀಗೇ.

ಬ್ರೇಕ್ ಹಿಡಿದ ಕ್ಷಣಕ್ಕೆ ಒಂದೇ ಸಲ 'ಧಡ್' ಅಂದರೆ ಲೋವರ್ ಆರ್ಮ್‌ನ ಹಿಂದಿನ ಬುಷ್ ನೋಡಿ. ಮೇಲ್ನೋಟಕ್ಕೆ ರಬ್ಬರ್ ಚೆನ್ನಾಗಿಯೇ ಕಾಣಬಹುದು. ಉದ್ದನೆಯ ಸಲಾಕೆಯಿಂದ ಆರ್ಮ್ ಅನ್ನು ಮೀಟಿದಾಗ, ರಬ್ಬರ್ ತನ್ನ ನಡುವಿನ ಕಬ್ಬಿಣದ ಕೊಳವೆಯಿಂದ ಬಾಯಿ ಬಿಟ್ಟು ಕಪ್ಪು ಸೀಳು ತೆರೆದುಕೊಳ್ಳುತ್ತದೆ. ಹೊಸ ಬುಷ್ ಹಾಕಿದರೆ ಬೋಲ್ಟ್‌ನ ಕೊನೆಯ ಬಿಗಿತವನ್ನು ಗಾಡಿಯ ಭಾರ ಚಕ್ರಗಳ ಮೇಲೆ ಕೂತ ನಂತರವೇ ಕೊಡಿ. ಚಕ್ರ ನೇತಾಡುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವಾಗ ಸದ್ದು ಬಂದರೆ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಸ್ಟ್ರಟ್‌ನ ಮೇಲ್ತುದಿಯ ಮೌಂಟ್ ಬೇರಿಂಗ್ ಅಥವಾ ಮುರಿದ ಸ್ಪ್ರಿಂಗ್. ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಕಟಕಟ ಅಂದರೆ, ಎಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್‌ನ ಹೊರಜಾಯಿಂಟ್.

ಇನ್ನು ಪೆಡಲ್ ನಡುಗುವುದು. ಗಾಡಿ ಸ್ಟಾರ್ಟ್ ಮಾಡಿ ಹೊರಟ ಕೂಡಲೇ ಬಾನೆಟ್ ಕಡೆಯಿಂದ ಒಂದು ಸಲ ಗುರ್ ಎಂದು ಸುಮ್ಮನಾದರೆ ಅದು ಎಬಿಎಸ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸದ್ದು, ದೋಷವಲ್ಲ. ಆದರೆ ಒಣ ರಸ್ತೆಯಲ್ಲಿ, ಹಗುರವಾಗಿ ಬ್ರೇಕ್ ಒತ್ತಿ ನಿಲ್ಲಲು ಕೊನೆಯ ಕೆಲವು ಅಡಿ ಉಳಿದಾಗ ಪೆಡಲ್ ನಡುಗಿದರೆ ಎಬಿಎಸ್ ತಪ್ಪು ತಿಳಿದು ಕೆಲಸ ಮಾಡುತ್ತಿದೆ ಎಂದೇ ಅರ್ಥ. ಒಂದು ಚಕ್ರದ ಸಿಗ್ನಲ್ ನಿಧಾನಗತಿಯಲ್ಲಿ ಕೈಕೊಟ್ಟಿರುತ್ತದೆ. ಚಕ್ರ ಲಾಕ್ ಆಗಿದೆ ಎಂದುಕೊಂಡು ಎಬಿಎಸ್ ಘಟಕ ಆ ಚಕ್ರದ ಬ್ರೇಕ್ ಸಡಿಲಿಸುತ್ತದೆ, ನಿಲ್ಲುವ ದೂರ ಹೆಚ್ಚುತ್ತದೆ. ಎಷ್ಟೋ ಸಲ ದೀಪವೂ ಹತ್ತುವುದಿಲ್ಲ. ಇದನ್ನು ತಳ್ಳಿಹಾಕಬೇಡಿ.

ಗಾಡಿಯ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ಬೇಕು, ಅದೂ ಎಬಿಎಸ್ ಓದುವಂಥದ್ದು. ಎಂಜಿನ್ ಕೋಡ್ ಮಾತ್ರ ಓದುವ ಸಣ್ಣ ರೀಡರ್ ಇಲ್ಲಿ ಉಪಯೋಗಕ್ಕೆ ಬಾರದು. ಹಲವು ಗಾಡಿಗಳಲ್ಲಿ ಸಿ0035 ಬಂದರೆ ಮುಂದಿನ ಎಡ, ಸಿ0040 ಮುಂದಿನ ಬಲ ಸೆನ್ಸರ್ ಸರ್ಕ್ಯೂಟ್. ಕೋಡ್ ಇರುವುದು ಸೆನ್ಸರ್, ವೈರ್ ಎಲ್ಲ ಸೇರಿದ ಸರ್ಕ್ಯೂಟ್‌ಗೆ, ಬರೀ ಸೆನ್ಸರ್‌ಗೆ ಅಲ್ಲ ಎಂಬುದು ನೆನಪಿರಲಿ. ನಾಲ್ಕೂ ಚಕ್ರಗಳ ವೇಗವನ್ನು ಪರದೆಯಲ್ಲಿ ಇಟ್ಟುಕೊಂಡು, ಖಾಲಿ ಜಾಗದಲ್ಲಿ ಒಬ್ಬರು ಓಡಿಸಿ ಇನ್ನೊಬ್ಬರು ನೋಡಿ. ಗಾಡಿ 20 ಕಿ.ಮೀ. ವೇಗದಿಂದ ಇಳಿಯುತ್ತ ಬರುವಾಗ ಉಳಿದ ಮೂರಕ್ಕಿಂತ ಮೊದಲೇ ಸೊನ್ನೆಗೆ ಬೀಳುವ ಚಕ್ರವೇ ತೊಂದರೆಯದು.

ಆ ಚಕ್ರದಲ್ಲಿ ಮೊದಲು ವೈರ್ ನೋಡಿ. ಸ್ಟಿಯರಿಂಗ್ ತಿರುಗಿದಾಗಲೆಲ್ಲ ಮಡಚಿಕೊಳ್ಳುವ ಜಾಗದಲ್ಲಿ ಹೊರಕವಚ ನೆಟ್ಟಗಿದ್ದರೂ ಒಳಗಿನ ತಂತಿ ತುಂಡಾಗಿರುತ್ತದೆ. ಆಮೇಲೆ ಸೆನ್ಸರ್ ಕೂರುವ ತೂತು: ಅದರ ಸುತ್ತ ತುಕ್ಕು ಉಬ್ಬಿ ಸೆನ್ಸರನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿರುತ್ತದೆ, ಅಷ್ಟೇ ಸಾಕು. ವೈರ್ ಬ್ರಷ್‌ನಿಂದ ಲೋಹ ಕಾಣುವ ತನಕ ಉಜ್ಜಿ ಮತ್ತೆ ಕೂರಿಸಿ. ಕೊನೆಗೆ ಹಲ್ಲಿನ ರಿಂಗ್ ಅನ್ನು ಟಾರ್ಚ್ ಬೆಳಕಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಡ್ರೈವ್ ಶಾಫ್ಟ್ ಮೇಲಿನ ರಿಂಗ್ ಅಡಿಯಲ್ಲಿ ತುಕ್ಕು ಬೆಳೆದು ಬಿರುಕು ಬಿಟ್ಟರೆ, ಎರಡು ಹಲ್ಲುಗಳ ನಡುವಿನ ಅಂತರ ಒಂದು ಕಡೆ ಮಾತ್ರ ಅಗಲವಾಗಿರುತ್ತದೆ.

ಎರಡು ತಂತಿಯ ಹಳೆಯ ಕಾಯಿಲ್ ಸೆನ್ಸರ್ ಆದರೆ ಮಲ್ಟಿಮೀಟರ್‌ನಲ್ಲಿ ಸಾಮಾನ್ಯವಾಗಿ 1,000 ಓಮ್ ಆಸುಪಾಸು ತೋರಿಸುತ್ತದೆ. ಆ ಅಂಕಿಗಿಂತ ಎಡ ಬಲಗಳ ಹೋಲಿಕೆ ಹೆಚ್ಚು ನಂಬಿಕೆಗೆ ಅರ್ಹ. ನಂತರ ಬಂದ, ಹೊರಗಿನಿಂದ ವಿದ್ಯುತ್ ಪಡೆದು ಕೆಲಸ ಮಾಡುವ ಆಕ್ಟಿವ್ ಸೆನ್ಸರ್‌ಗೂ ಎರಡೇ ತಂತಿ ಇರಬಹುದು, ಆದರೆ ಅದನ್ನು ಓಮ್‌ನಲ್ಲಿ ಅಳೆಯಬಾರದು. ಹಲವು ಮಾದರಿಗಳಲ್ಲಿ ಅದು ಓದುವ ಮ್ಯಾಗ್ನೆಟ್ ರಿಂಗ್ ಬೇರಿಂಗ್‌ನ ಸೀಲ್‌ನಲ್ಲೇ ಇರುತ್ತದೆ. ಬೇರಿಂಗ್ ತಿರುಗುಮುರುಗಾಗಿ ಕೂರಿಸಿದರೆ ಸಿಗ್ನಲ್ಲೇ ಇರುವುದಿಲ್ಲ.

ಹಳದಿ ಎಬಿಎಸ್ ದೀಪ ಮಾತ್ರ ಹತ್ತಿದ್ದರೆ ಮಾಮೂಲಿ ಬ್ರೇಕ್ ಇರುತ್ತದೆ, ಗಟ್ಟಿಯಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದು ಅಷ್ಟೇ. ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಗಾಡಿ ನಿಲ್ಲಿಸಿ ಬ್ರೇಕ್ ಫ್ಲೂಯಿಡ್ ಮಟ್ಟ ನೋಡಿ. ಫ್ಲೂಯಿಡ್ ಸರಿಯಿದ್ದರೆ ಹಿಂದಿನ ಚಕ್ರಗಳಿಗೆ ಒತ್ತಡ ಹಂಚುವ ವ್ಯವಸ್ಥೆ ನಿಂತಿರಬಹುದು, ಗಾಡಿಯನ್ನು ಎಳೆಸಿಕೊಂಡು ಹೋಗುವುದೇ ಒಳ್ಳೆಯದು. ಕೆಲಸ ಮುಗಿಸಿ ಕೋಡ್ ಅಳಿಸಿದ ಮೇಲೂ ಕೆಲವು ಗಾಡಿಗಳಲ್ಲಿ ಸ್ವಲ್ಪ ದೂರ ಓಡಿಸುವ ತನಕ ದೀಪ ಆರುವುದಿಲ್ಲ. ನಿಂತಲ್ಲೇ ದೀಪ ಉಳಿದಿದೆ ಎಂದು ಆಗಷ್ಟೇ ಹಾಕಿದ ಸೆನ್ಸರನ್ನು ಕಳಚಬೇಡಿ.