ಕೀಳಬಾರದ ನಳಿಕೆ

ಮುಂಬೈ ಹತ್ತಿರದ ಡೊಂಬಿವಲಿಯಿಂದ ಅತ್ತೆಯ ಫೋನು. "ಡಯಾಲಿಸಿಸ್‌ಗೆ ಕೈ ಬಿಟ್ಟು ಕುತ್ತಿಗೆಗೆ ಯಾಕೋ ಚುಚ್ಚಿದ್ದಾರೆ?" ಆಸ್ಪತ್ರೆಗೆ ಹೋದೆ. ಮಾವನ ಕುತ್ತಿಗೆಯ ಬಲಗಡೆ ಹೊಲಿಗೆ ಹಾಕಿದ ನಳಿಕೆ, ಅದಕ್ಕೆ ಎರಡು ಬಾಯಿ, ಒಂದಕ್ಕೆ ಕೆಂಪು ಕ್ಲಿಪ್, ಇನ್ನೊಂದಕ್ಕೆ ನೀಲಿ. ಪಕ್ಕದಲ್ಲಿ ಅಡಿಕೆಯಷ್ಟು ನೇರಳೆ ಊತ. "ಮೊದಲ ಸಲ ಸೂಜಿ ಆರ್ಟರಿಗೆ (ಅಪಧಮನಿಗೆ) ಹೋಯಿತು, ಒತ್ತಿ ಹಿಡಿದೆವು" ಎಂದು ಡಾಕ್ಟರು ಮರಾಠಿಯಲ್ಲಿ ಮುಚ್ಚಿಡದೆ ಹೇಳಿದರು.

ಡಯಾಲಿಸಿಸ್‌ಗೆ ನಿಮಿಷಕ್ಕೆ 200-300 ಮಿಲಿಲೀಟರ್ ರಕ್ತ ಹರಿಯಬೇಕು. ಕೈಯ ಸಣ್ಣ ನಾಳಕ್ಕೆ ಅದು ಆಗದ ಮಾತು. ಕುತ್ತಿಗೆಯ ವೇನ್ (ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿ) ದಪ್ಪ, ಬಲಗಡೆಯದು ಹೃದಯಕ್ಕೆ ಹೆಚ್ಚುಕಡಿಮೆ ನೇರ ದಾರಿ. ಆದರೆ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಆರ್ಟರಿ ಅದಕ್ಕೆ ಒರಗಿಕೊಂಡೇ ಇದೆ. ಶಾಲೆಯಲ್ಲಿ ಅಪಧಮನಿ ಯಾವುದು, ಅಭಿಧಮನಿ ಯಾವುದು ಅಂತ ತಲೆ ಕೆರೆದುಕೊಂಡಿದ್ದು ಸುಮ್ನೆ ಅಲ್ಲ!

ನಳಿಕೆ ಹಾಕುವ ಕ್ರಮ ಸ್ವೀಡನ್ನಿನ ವೈದ್ಯ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ್ದು. ಸೂಜಿ ಚುಚ್ಚು, ಒಳಗಿಂದ ತಂತಿ ತೂರಿಸು, ಸೂಜಿ ತೆಗೆ, ತಂತಿಯ ಮೇಲೆ ನಳಿಕೆ ಜಾರಿಸು. ದಪ್ಪ ನಳಿಕೆಗೆ ನಡುವೆ ಡೈಲೇಟರ್ ಬರುತ್ತದೆ, ದಾರಿ ಅಗಲಿಸುವ ಗಟ್ಟಿ ಕಡ್ಡಿ. ಅದಕ್ಕಿಂತ ಮೊದಲೇ ತಪ್ಪು ಗೊತ್ತಾದರೆ ಮಾವನ ಹಾಗೆ ಊತದಲ್ಲಿ ಮುಗಿಯುತ್ತದೆ. ನಾಲ್ಕು ಮಿಲಿಮೀಟರ್ ದಪ್ಪದ ನಳಿಕೆಯೇ ಆರ್ಟರಿಯೊಳಗೆ ಕೂತರೆ? ಕಿತ್ತು ಒತ್ತಿ ಹಿಡಿಯೋಣ ಅನ್ನಿಸುತ್ತದೆ. ಅದೇ ಕೆಟ್ಟ ಕೆಲಸ. ರಕ್ತ ತುಂಬಿ ಶ್ವಾಸನಾಳ ಅಮುಕಬಹುದು, ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ನಳಿಕೆ ಇದ್ದಲ್ಲೇ ಇರಲಿ, ರಕ್ತನಾಳದ ಸರ್ಜನ್ ಬರಲಿ.

ಕೆಂಪಗೆ ಚಿಮ್ಮಿದರೆ ಆರ್ಟರಿ ಅಂತ ಗೊತ್ತಾಗುತ್ತೆ ಅಲ್ವಾ? ಕೆಲವೊಮ್ಮೆ ಗೊತ್ತಾಗುವುದಿಲ್ಲ. ಬಿಪಿ ಬಿದ್ದು, ಆಕ್ಸಿಜನ್ ಇಳಿದವರಲ್ಲಿ ಆರ್ಟರಿಯ ರಕ್ತವೂ ಕಪ್ಪಗೆ, ನಿಧಾನಕ್ಕೆ ಬರುತ್ತದೆ. ಜಾಸ್ತಿ ಕಾಯಿಲೆಯಾದವರಲ್ಲೇ ಕಣ್ಣು ಮೋಸ ಹೋಗುವುದು. ಅದಕ್ಕೇ ಅಲ್ಟ್ರಾಸೌಂಡ್. ಮೆಲ್ಲಗೆ ಒತ್ತಿದರೆ ವೇನ್ ಚಪ್ಪಟೆಯಾಗುತ್ತದೆ, ಆರ್ಟರಿ ಗುಂಡಗೇ ಇದ್ದು ಮಿಡಿಯುತ್ತದೆ. ಡೈಲೇಟರ್ ಹಾಕುವ ಮುಂಚೆ ತಂತಿ ಯಾವುದರಲ್ಲಿದೆ ಅಂತಲೂ ನೋಡಬಹುದು. ಕುತ್ತಿಗೆಯ ಬದಲು ಕೊರಳೆಲುಬಿನ ಹಿಂದಿನ ವೇನ್‌ಗೆ ನಳಿಕೆ ಹಾಕುವುದೂ ಉಂಟು, ಆದರೆ ಅಲ್ಲಿ ಆರ್ಟರಿಗೆ ಪೆಟ್ಟಾದರೆ ಒತ್ತಿ ಹಿಡಿಯಲೂ ಜಾಗವಿಲ್ಲ. ಮುಂದೆ ಆ ವೇನ್ ಕಿರಿದಾದರೆ ಆ ಕಡೆಯ ಕೈಯೇ ಡಯಾಲಿಸಿಸ್‌ಗೆ ಒದಗದೆ ಹೋಗಬಹುದು.

ಒಮ್ಮೊಮ್ಮೆ ಇಂಥ ಗಾಯದಿಂದ ಆರ್ಟರಿ, ವೇನ್ ಎರಡೂ ಕೂಡಿಕೊಂಡುಬಿಡುತ್ತವೆ. ಕುತ್ತಿಗೆಯಲ್ಲಾದರೆ ಅದು ತೊಡಕು. ಮಾವನ ಎಡಗೈಯಲ್ಲಿ ಮುಂದಿನ ವಾರ ಅದನ್ನೇ ಬೇಕೆಂದು ಮಾಡುತ್ತಾರೆ, ಆರ್ಟರಿಯ ರಕ್ತ ನುಗ್ಗಿ ಕೈಯ ವೇನ್ ದಪ್ಪಗಾಗಿ ಡಯಾಲಿಸಿಸ್‌ಗೆ ಒದಗಲಿ ಅಂತ. ಫಿಸ್ಟುಲಾ ಅಂತ ಹೆಸರು. ಅದು ಬಲಿಯಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಕುತ್ತಿಗೆಯ ನಳಿಕೆಯೇ ಗತಿ.